ಹಳೆಯ ಗಾಡಿಗೆ ಯಾವ ಸೆಲ್ಫ್ ಮೋಟರ್? ಕೊಳ್ಳುವ ಮೊದಲು ಹಲ್ಲು ಎಣಿಸಿ

ಬಳ್ಳಾರಿಯ ಯಾವ ಬಿಡಿಭಾಗದ ಅಂಗಡಿಗೆ ಹೋಗಿ ‘ಅಂಬಾಸಡರ್ ಸೆಲ್ಫ್ ಇದೆಯೇ?’ ಎಂದು ಕೇಳಿದರೂ ‘ಇದೆ’ ಎಂಬ ಉತ್ತರವೇ ಬರುತ್ತದೆ. ಮೂರು ವರ್ಷದ ಹಿಂದೆ ನನಗೂ ಅದೇ ಉತ್ತರ ಬಂದಿತ್ತು. ಎಂಜಿನ್ ತಿರುಗಿಸಿ ಎಬ್ಬಿಸುವ ಆ ಮೋಟರ್ ನೋಡಲು ನಮ್ಮದರ ಅವಳಿಯಂತಿತ್ತು. ಎರಡೂ ಬೋಲ್ಟ್‌ಗಳು ಸಲೀಸಾಗಿ ಕುಳಿತವು. ಸೆಲ್ಫ್ ಹೊಡೆದೊಡನೆ ಎಂಜಿನ್ ಎದ್ದಿತು. ಹದಿನೈದು ದಿನ ಬೀಗುತ್ತಾ ಓಡಾಡಿದೆ. ಹದಿನಾರನೆಯ ದಿನ ಬೆಳಿಗ್ಗೆ ಬಾನೆಟ್ಟಿನ ಕೆಳಗಿಂದ ಗಾಣಕ್ಕೆ ಕಲ್ಲು ಸಿಕ್ಕಂಥ ಸದ್ದು ಬಂತು. ಬಿಚ್ಚಿ ನೋಡಿದರೆ ಹೊಸ ಮೋಟರಿನ ತುದಿಯ ಪುಟ್ಟ ಹಲ್ಲುಚಕ್ರವಾದ ಪಿನಿಯನ್‌ಗೆ ನಮ್ಮ ಹಳೆಯದಕ್ಕಿಂತ ಒಂದು ಹಲ್ಲು ಹೆಚ್ಚಿತ್ತು; ಹಲ್ಲಿನ ಅಳತೆಯೂ ಬೇರೆಯಾಗಿತ್ತು. ಆದರೆ ಹಲ್ಲು ಉದುರಿದ್ದು ಅದರದ್ದಲ್ಲ, ಎಂಜಿನ್ನಿನ ಹಿಂದಿನ ಭಾರದ ಚಕ್ರವಾದ ಫ್ಲೈವೀಲಿನ ಅಂಚಿನ ಹಲ್ಲಿನ ರಿಂಗ್‌ನದು. ಆ ರಿಂಗ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಕೆಳಗಿಳಿಯಬೇಕು, ಕ್ಲಚ್ ಬಿಚ್ಚಬೇಕು. ಅಗ್ಗದ ಮೋಟರ್ ತಂದು ಉಳಿಸಿದ ದುಡ್ಡಿನ ಹಲವು ಪಟ್ಟು ಕೂಲಿಗೆ ಹೋಯಿತು.

ಅದಾದ ಮೇಲೆ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಅಪ್ಪ ಬಿಟ್ಟುಹೋದ ಅಂಬಾಸಡರ್ ಮಾರ್ಕ್ 2. ಜೀಪು, ಫಿಯೆಟ್ ಇರುವವರಿಗೂ ಲೆಕ್ಕಾಚಾರ ಹೆಚ್ಚು ಬೇರೆಯಾಗುವುದಿಲ್ಲ.

ಪುಸ್ತಕದಲ್ಲಿ ಇದರ ಹೆಸರು ಸ್ಟಾರ್ಟರ್ ಮೋಟರ್. ನಮ್ಮ ಕಡೆ ಕನ್ನಡ, ತೆಲುಗು, ಉರ್ದು ಯಾವ ಮಾತಿನ ಮೆಕ್ಯಾನಿಕ್ ಆದರೂ ‘ಸೆಲ್ಫ್’ ಎಂದೇ ಹೇಳುವುದು. ಮುಂದೆ ನಿಂತು ಹ್ಯಾಂಡಲ್ ಹೊಡೆಯದೆ ಗಾಡಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ಕಾಲದ ಬೆರಗು ಆ ಹೆಸರಿನಲ್ಲಿ ಹಾಗೆಯೇ ಉಳಿದಿದೆ. ಅಮೆರಿಕದ ಕ್ಯಾಡಿಲಾಕ್ ಕಂಪನಿ 1912ರ ಮಾದರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಅಳವಡಿಸಿದಲ್ಲಿಂದ ಈ ಕಥೆ ಆರಂಭ. ನಾನೂ ಇಲ್ಲಿ ಸೆಲ್ಫ್ ಎಂದೇ ಬರೆಯುತ್ತೇನೆ.

ಗಾಡಿಯ ಹೆಸರು ವಿಳಾಸವಲ್ಲ

ಅಂಗಡಿಯವರನ್ನು ಪೂರ್ತಿ ದೂರುವಂತೆಯೂ ಇಲ್ಲ. ‘ಅಂಬಾಸಡರ್ ಸೆಲ್ಫ್’ ಎನ್ನುವುದು ‘ಬಳ್ಳಾರಿ ಬಸ್ಸು’ ಎಂದಷ್ಟೇ ಅಸ್ಪಷ್ಟ. ಎಲ್ಲಿಂದ, ಯಾವ ದಾರಿಯಾಗಿ? ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಅಚ್ಚಿನಲ್ಲಿ ಐವತ್ತರ ದಶಕದ ಕೊನೆಗೆ ಹುಟ್ಟಿದ ಈ ಗಾಡಿ ಉತ್ತರಪಾಡಾದ ಕಾರ್ಖಾನೆಯಿಂದ 2014ರವರೆಗೆ ಹೊರಬರುತ್ತಲೇ ಇತ್ತು. ಹೊರಗಿನ ಮುಖ ಹೆಚ್ಚು ಬದಲಾಗಲಿಲ್ಲ ಎಂಬುದೇ ಮೋಸ. ಬಾನೆಟ್ ಎತ್ತಿದರೆ ಒಂದರಲ್ಲಿ ತೀರಾ ಹಳೆಯ ಸೈಡ್ ವಾಲ್ವ್ ಎಂಜಿನ್, ಇನ್ನೊಂದರಲ್ಲಿ 1489 ಸಿಸಿಯ ಬಿ-ಸರಣಿ ಪೆಟ್ರೋಲ್, ಮತ್ತೊಂದರಲ್ಲಿ ಅದೇ ಅಳತೆಯ ಡೀಸೆಲ್, ತೊಂಬತ್ತರ ದಶಕದ ಗಾಡಿಯಾದರೆ ಇಸುಜು ಎಂಜಿನ್. ಇದು ಕಾರ್ಖಾನೆಯ ಲೆಕ್ಕ ಮಾತ್ರ. ಪೆಟ್ರೋಲ್ ಖರ್ಚಿಗೆ ಹೆದರಿ ಮಟಾಡೋರ್‌ನ ಡೀಸೆಲ್ ಎಂಜಿನ್ ಕೂರಿಸಿಕೊಂಡ ಅಂಬಾಸಡರ್‌ಗಳಿವೆ. ಆಮೇಲೆ ‘ಅಸಲಿ’ ಬೇಕೆಂದು ಯಾವುದೋ ಗಾಡಿಯ ಪೆಟ್ರೋಲ್ ಎಂಜಿನ್ನನ್ನು ಇನ್ನಾವುದೋ ಗಾಡಿಯ ಫ್ಲೈವೀಲ್ ಸಮೇತ ತಂದು ಕೂರಿಸಿದವರೂ ಇದ್ದಾರೆ. ಐವತ್ತು ವರ್ಷದಲ್ಲಿ ನಾಲ್ಕು ಮಾಲೀಕರು, ಹತ್ತು ಮೆಕ್ಯಾನಿಕ್‌ಗಳ ಕೈ ದಾಟಿ ಬಂದ ಗಾಡಿಯ ಒಳಗೆ ಏನಿದೆ ಎಂಬುದು ಆರ್‌ಸಿ ಪುಸ್ತಕಕ್ಕೆ ಗೊತ್ತಿರುವುದಿಲ್ಲ.

ಜೀಪಿನದು ಇನ್ನೂ ತಮಾಷೆ. ಯುದ್ಧಕಾಲದ ವಿಲ್ಲೀಸ್ ಜೀಪು 6 ವೋಲ್ಟಿನದು. ಅದರ ಫ್ಲೈವೀಲಿನಲ್ಲಿ 97 ಹಲ್ಲು. ಆಮೇಲಿನವುಗಳಲ್ಲಿ 124 ಹಲ್ಲಿನ ಫ್ಲೈವೀಲ್ ಬಂತು. ಎಂಜಿನ್ ನೋಡಿದರೆ ಅದೇ ಎಂಜಿನ್, ಸೆಲ್ಫ್ ಕೂರುವ ತೂತೂ ಹೊರಗಿನಿಂದ ಅದೇ. ಆದರೆ ಒಂದರ ಪಿನಿಯನ್ ಇನ್ನೊಂದರ ಹಲ್ಲಿಗೆ ಹೊಂದುವುದಿಲ್ಲ. ಮಹೀಂದ್ರದವರ ಕಾಲಕ್ಕೆ ಬಂದರೆ, ಎಂಬತ್ತರ ದಶಕದ ಎಂಎಂ 540ರಲ್ಲಿ ಪ್ಯೂಜೋ ಮೂಲದ ಡೀಸೆಲ್ ಎಂಜಿನ್. ಅದರ ಸೆಲ್ಫ್‌ನ ಜಾತಿಯೇ ಬೇರೆ. ಫಿಯೆಟ್ 1100 ಮತ್ತು ಪದ್ಮಿನಿಯವರು ಈ ವಿಷಯದಲ್ಲಿ ಅದೃಷ್ಟವಂತರು. 1089 ಸಿಸಿಯ ಅದೇ ಎಂಜಿನ್ ದಶಕಗಟ್ಟಲೆ ನಡೆಯಿತು. ಕೊನೆಯ ಕಾಲದ ನೆಲದ ಗೇರ್ ಇರುವ ಗಾಡಿ ಮತ್ತು ಡೀಸೆಲ್ ಗಾಡಿಗಳನ್ನು ಬಿಟ್ಟರೆ ಗೊಂದಲ ಕಡಿಮೆ.

ಮೊದಲ ಅನುಮಾನ ಮೋಟರಿನ ಮೇಲೆ ಬೇಡ

ಯಾವ ಮೋಟರ್ ಎಂಬ ಪ್ರಶ್ನೆಗೆ ಮುಂಚೆ ಮೋಟರ್ ಬೇಕೇ ಎಂಬ ಪ್ರಶ್ನೆ ಇದೆ. ಸಿರುಗುಪ್ಪದ ಕಡೆಯ ನಮ್ಮ ಬಂಧುವೊಬ್ಬರು ಜೀಪಿಗೆ ವರ್ಷದಲ್ಲಿ ಎರಡು ಸೆಲ್ಫ್ ಬದಲಿಸಿದರು. ಕೊನೆಗೆ ಸಿಕ್ಕ ಕಳ್ಳ ಯಾರೆಂದರೆ ಎಂಜಿನ್ನಿಗೂ ಚಾಸಿಸ್‌ಗೂ ನಡುವಿನ ಹೆಣೆದ ತಾಮ್ರದ ಅರ್ಥ್ ಪಟ್ಟಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಳಿತಿರುತ್ತದೆ. ಆ ಪಟ್ಟಿ ಹರಿದರೆ ನೂರಾರು ಆಂಪಿಯರ್ ವಾಪಸು ಹೋಗಲು ದಾರಿಯಿಲ್ಲದೆ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗುತ್ತದೆ. ಸೆಲ್ಫ್ ಹೊಡೆದಾಗ ಚೋಕಿನ ಗುಂಡಿ ಕೈಗೆ ಬಿಸಿ ಹತ್ತಿದರೆ ಮೋಟರನ್ನು ಮುಟ್ಟಲೇಬೇಡಿ, ಪಟ್ಟಿ ಬದಲಿಸಿ.

ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ. ಕಾಯಿಲ್‌ನ ತಂತಿ ಕಳಚಿ, ಎಂಜಿನ್ ಹೊತ್ತದಂತೆ ಮಾಡಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 12 ವೋಲ್ಟ್ ಗಾಡಿಯಲ್ಲಿ ಆ ಹೊತ್ತಿಗೆ ಬ್ಯಾಟರಿಯ ಎರಡು ತುದಿಗಳ ನಡುವೆ 9.6 ವೋಲ್ಟಿಗಿಂತ ಕೆಳಗಿಳಿದರೆ ಮೊದಲು ಬ್ಯಾಟರಿಯನ್ನು ಪರೀಕ್ಷೆಗೆ ಒಯ್ಯಿರಿ. ಬ್ಯಾಟರಿ ಸರಿಯಿದ್ದರೆ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ತುದಿಗೆ, ಇನ್ನೊಂದನ್ನು ಸೆಲ್ಫ್‌ನ ಮೈಗೆ ಹಿಡಿಯಿರಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ಹಾಗೆಯೇ ಬ್ಯಾಟರಿಯ ಇನ್ನೊಂದು ತುದಿಯಿಂದ ಸೆಲ್ಫ್‌ನ ದಪ್ಪ ನಟ್ಟಿನವರೆಗೆ ನೋಡಿ. ಅರ್ಧ ವೋಲ್ಟ್ ದಾಟಿದರೆ ಕೇಬಲ್ ಇಲ್ಲವೇ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್) ಕೆಟ್ಟಿದೆ. ಇವೆಲ್ಲ ಸರಿಯಿದ್ದೂ ಮೋಟರ್ ತಿಣುಕುತ್ತಿದ್ದರೆ ಮಾತ್ರ ಮುಂದಕ್ಕೆ ಓದಿ.

ಇನ್ನೊಂದು ಮಾತು. ‘ಟಕ್’ ಎಂಬ ಒಂದೇ ಸದ್ದು ಬಂದು ಎಲ್ಲವೂ ನಿಂತುಹೋದರೆ ಪಿನಿಯನ್ ರಿಂಗ್‌ನಲ್ಲಿ ಸಿಕ್ಕಿಕೊಂಡಿರಬಹುದು. ಇಂಗ್ಲೆಂಡಿನ ಲ್ಯೂಕಾಸ್ ಕಂಪನಿಯ ಹಳೆಯ ಮಾದರಿಯ ಮೋಟರಿನ ಹಿಂತುದಿಯಲ್ಲಿ ಸಣ್ಣ ಮುಚ್ಚಳದ ಕೆಳಗೆ ಶಾಫ್ಟಿನ ಚೌಕ ತುದಿ ಇರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಕೈ ಎಟುಕದಿದ್ದರೆ ಇಗ್ನಿಷನ್ ಬಂದ್ ಮಾಡಿ, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಅಲುಗಿಸಿ. ಆ ಚೌಕ ತುದಿ ಯಾಕಿದೆ ಎಂದು ಗೊತ್ತಿಲ್ಲದವರು ಮೋಟರ್ ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸಿಬಿಡುತ್ತಾರೆ.

ಹಲ್ಲು ಎಣಿಸುವ ಕೆಲಸ

ಸೆಲ್ಫ್ ಬಿಚ್ಚಿದ ಮೇಲೆ ಆ ತೂತಿನಲ್ಲಿ ಫ್ಲೈವೀಲಿನ ರಿಂಗ್ ಕಾಣುತ್ತದೆ. ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ತೆಗೆದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಅಂಬಾಸಡರ್‌ನಲ್ಲಿ ಬಂಪರಿನ ತೂತಿಗೆ ಹ್ಯಾಂಡಲ್ ತೂರಿಸಿ ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಎಣಿಸಬೇಕು. ನಾನು ಹ್ಯಾಂಡಲ್ ಹಿಡಿದೆ, ಅಕ್ಕನ ಮಗ ಎಣಿಸಿದ. ಮೊದಲ ಸಲ ಒಂದು ಸಂಖ್ಯೆ ಬಂತು, ಎರಡನೆಯ ಸಲ ಮೂರು ಕಡಿಮೆ. ‘ಮಾವ, ನೀವು ನಡುವೆ ಮಾತಾಡಿಸುತ್ತೀರಿ’ ಎಂದು ನನ್ನ ಮೇಲೆಯೇ ಹೊರಿಸಿದ. ಮೂರನೆಯ ಸಲ ಸೀಮೆಸುಣ್ಣದಿಂದ ಶುರುವಿನ ಹಲ್ಲಿಗೆ ಗುರುತು ಹಾಕಿ, ಪ್ರತಿ ಹತ್ತಕ್ಕೊಂದು ಗೀಟು ಎಳೆದು, ಬಾಯಿ ಮುಚ್ಚಿಕೊಂಡು ಎಣಿಸಿದೆವು. ನಾಲ್ಕನೆಯ ಸಲವೂ ಅದೇ ಬಂತು. ನನ್ನ ಸಂಖ್ಯೆ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಎಣಿಸದೆ ಅದನ್ನೇ ಅಂಗಡಿಗೆ ಒಯ್ಯುತ್ತೀರಿ.

ಎಣಿಸುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ಆರಿದಾಗ ಸಂಪೀಡನದ (ಕಂಪ್ರೆಷನ್) ಒತ್ತಡದಿಂದಾಗಿ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಪಿನಿಯನ್ ಸದಾ ಹೊಡೆಯುವುದು ರಿಂಗ್‌ನ ಎರಡು ಎದುರುಬದುರು ಭಾಗಗಳಿಗೆ. ಉಳಿದ ಹಲ್ಲುಗಳು ಹೊಸದರಂತಿದ್ದು ಆ ಎರಡು ಕಡೆ ಮಾತ್ರ ಮೊಂಡಾಗಿದ್ದರೆ ಆಶ್ಚರ್ಯಪಡಬೇಡಿ. ಆದರೆ ಅಲ್ಲಿ ಹಲ್ಲು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಯಾವ ಹೊಸ ಸೆಲ್ಫ್ ತಂದರೂ ಅದು ಕೂಗುತ್ತದೆ, ಕೆಲವೇ ತಿಂಗಳಲ್ಲಿ ತಾನೂ ಮೊಂಡಾಗುತ್ತದೆ. ಮೊದಲು ರಿಂಗ್, ಆಮೇಲೆ ಸೆಲ್ಫ್.

ರಿಂಗ್‌ನ ಸಂಖ್ಯೆಯ ಜೊತೆಗೆ ಹಳೆಯ ಪಿನಿಯನ್‌ನ ಹಲ್ಲಿನ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಒಂದೇ ಆದರೂ ಹಲ್ಲಿನ ಗಾತ್ರ ಬೇರೆ ಇರಬಹುದು, ನನಗೆ ಪೆಟ್ಟು ಕೊಟ್ಟದ್ದರಲ್ಲಿ ಅದೂ ಒಂದು. ಇದಕ್ಕೆ ನಾನು ಕಂಡುಕೊಂಡ ಉಪಾಯ ಮಕ್ಕಳು ಆಡುವ ಬಣ್ಣದ ಮಣ್ಣು. ರಿಂಗ್‌ನ ಸವೆಯದ ಭಾಗಕ್ಕೆ ಒತ್ತಿದರೆ ನಾಲ್ಕೈದು ಹಲ್ಲಿನ ಅಚ್ಚು ಬರುತ್ತದೆ. ಅಂಗಡಿಯಲ್ಲಿ ಹೊಸ ಪಿನಿಯನ್ನನ್ನು ಆ ಅಚ್ಚಿನ ಮೇಲೆ ಉರುಳಿಸಿ ನೋಡಿದರೆ ಹೊಂದುತ್ತದೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಬಳ್ಳಾರಿಯ ಬಿಸಿಲಿಗೆ ಅಚ್ಚು ಕರಗಿ ಆಕಾರ ಕೆಡುತ್ತದೆ. ಟಿಫಿನ್ ಡಬ್ಬಿಯಲ್ಲಿ ಒಯ್ಯುವುದು ಮೇಲು.

ಉಳಿದ ಅಳತೆಗಳು ಇಷ್ಟು: ಮೋಟರ್ ಕೂರುವ ಮುಖದಿಂದ ರಿಂಗ್‌ನ ಅಂಚಿಗೆ ಎಷ್ಟು ದೂರ, ಮೂತಿಯ ಸುತ್ತಳತೆ, ಬೋಲ್ಟುಗಳ ನಡುವಿನ ಅಂತರ, ಮತ್ತು ಮೈಯ ದಪ್ಪ. ಲ್ಯೂಕಾಸ್ ಮೋಟರಿನ ಮೈಮೇಲೆ ಕುಟ್ಟಿದ ಸಂಖ್ಯೆಯಿಂದ ದಪ್ಪದ ಸುಳಿವು ಸಿಗುತ್ತದೆ. ಎಂ35 ಎಂದರೆ ಮೂರೂವರೆ ಇಂಚು, ಎಂ45 ಎಂದರೆ ನಾಲ್ಕೂವರೆ ಇಂಚು. ಬಿ-ಸರಣಿಯ ಎಂಜಿನ್‌ಗಳಲ್ಲಿ ಕಾಣುವ ಎಂ418 ನಾಲ್ಕು ಇಂಚಿನ ಆಸುಪಾಸಿನದು. ಸಣ್ಣ ಕಾರಿಗೆಂದು ಮಾಡಿದ ಎಂ35 ದೊಡ್ಡ ಎಂಜಿನ್ನನ್ನು ಚಳಿಯಲ್ಲಿ ಎತ್ತಿದಂತೆ ಮಾಡಿ ಬೇಸಿಗೆಯಲ್ಲಿ ಕೈಕೊಡುತ್ತದೆ.

ತಿರುಗುವ ದಿಕ್ಕನ್ನು ಮರೆಯುವವರೇ ಹೆಚ್ಚು. ಸೆಲ್ಫ್ ಎಂಜಿನ್ನಿನ ಕಡೆಯಿಂದ ಫ್ಲೈವೀಲಿಗೆ ಮುಖ ಮಾಡಿದೆಯೋ ಗೇರ್‌ಬಾಕ್ಸಿನ ಕಡೆಯಿಂದಲೋ ಎಂಬುದರ ಮೇಲೆ ಅದು ಎಡಕ್ಕೆ ತಿರುಗಬೇಕೋ ಬಲಕ್ಕೋ ನಿರ್ಧಾರವಾಗುತ್ತದೆ. ಮೂತಿ ಹೊಂದಿತೆಂದು ಉಲ್ಟಾ ತಿರುಗುವ ಮೋಟರ್ ತಂದರೆ ಅದು ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತದೆ, ಇಲ್ಲವೇ ಪಿನಿಯನ್ ಹೊರಬರುವುದೇ ಇಲ್ಲ. ಬ್ಯಾಟರಿಯ ತಂತಿ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ಮೋಟರಿನಲ್ಲಿ ಅಯಸ್ಕಾಂತವೂ ತಂತಿಯ ಸುರುಳಿಯೇ. ತಂತಿ ಬದಲಿಸಿದರೆ ಸುರುಳಿ, ಆರ್ಮೇಚರ್ (ಒಳಗೆ ತಿರುಗುವ ಭಾಗ) ಎರಡರ ಧ್ರುವವೂ ಒಟ್ಟಿಗೆ ಬದಲಾಗಿ ದಿಕ್ಕು ಹಾಗೆಯೇ ಉಳಿಯುತ್ತದೆ.

ಎಸೆಯುವ ಪಿನಿಯನ್, ತಳ್ಳುವ ಪಿನಿಯನ್

ಸೆಲ್ಫ್‌ಗಳಲ್ಲಿ ಎರಡು ಕುಲ. ಹಳೆಯದರಲ್ಲಿ ಮೋಟರ್ ತಟ್ಟನೆ ತಿರುಗಿದಾಗ ಸುರುಳಿ ತೋಡಿನ ಶಾಫ್ಟಿನ ಮೇಲೆ ಕುಳಿತ ಪಿನಿಯನ್ ತನ್ನ ಜಡತೆಯಿಂದ ಹಿಂದುಳಿದು, ಬೋಲ್ಟಿನ ಮೇಲೆ ನಟ್ಟು ಸರಿದಂತೆ ಸರಿದು ರಿಂಗ್‌ಗೆ ಬಡಿಯುತ್ತದೆ. ಎಂಜಿನ್ ಹೊತ್ತಿಕೊಂಡು ರಿಂಗ್‌ನ ವೇಗ ಏರಿದರೆ ಬಂದ ದಾರಿಯಲ್ಲೇ ವಾಪಸು. ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಎನ್ನುವುದು ಈ ಭಾಗವನ್ನೇ. ಅದು ಬಿಡಿಭಾಗದ ಹೆಸರಲ್ಲ, ವಿನ್ಸೆಂಟ್ ಬೆಂಡಿಕ್ಸ್ ಎಂಬ ಅಮೆರಿಕದವನ ಹೆಸರು. ಹೊಸ ಕುಲದಲ್ಲಿ ಮೋಟರಿನ ಬೆನ್ನ ಮೇಲೆಯೇ ಸೊಲೆನಾಯ್ಡ್ ಇದ್ದು, ಅದು ಮೊದಲು ಪಿನಿಯನ್ನನ್ನು ಮೆಲ್ಲಗೆ ತಳ್ಳಿ ರಿಂಗ್‌ಗೆ ಕೂಡಿಸಿ, ಆಮೇಲೆ ಮೋಟರಿಗೆ ಕರೆಂಟ್ ಬಿಡುತ್ತದೆ. ಬಿಚ್ಚದೆಯೇ ಗುರುತಿಸಬಹುದು: ಬರಿಯ ಉರುಳೆಯಂತಿದ್ದು ಒಂದೇ ದಪ್ಪ ನಟ್ಟು ಇದ್ದರೆ ಎಸೆಯುವ ಜಾತಿ, ಬೆನ್ನ ಮೇಲೆ ಮರಿ ಹೊತ್ತಂತಿದ್ದರೆ ತಳ್ಳುವ ಜಾತಿ.

ಎಸೆಯುವುದು ಒರಟು, ತಳ್ಳುವುದು ನಯ. ಹಾಗಿದ್ದರೆ ಹೊಸ ಕುಲದ್ದನ್ನೇ ಹಾಕಿಸಬಾರದೇಕೆ ಎಂದು ಕೇಳುತ್ತೀರಿ. ಡೀಸೆಲ್ ಎಂಜಿನ್ನಿಗೆ ಅದೇ ಬೇಕು; ಅಲ್ಲಿನ ಸಂಪೀಡನಕ್ಕೆ ಎಂಜಿನ್ ತಡೆದು ತಡೆದು ತಿರುಗುವಾಗ ಎಸೆಯುವ ಪಿನಿಯನ್ ಮೊದಲ ಹೊಡೆತಕ್ಕೇ ಕಳಚಿಕೊಂಡುಬಿಡುತ್ತದೆ. ಪೆಟ್ರೋಲ್ ಗಾಡಿಗೆ ಕೂರಿಸುವಾಗ ಮಾತ್ರ ರಿಂಗ್‌ನ ಹಲ್ಲುಗಳ ಓರೆಯನ್ನು ನೋಡಬೇಕು. ಪಿನಿಯನ್ ಸುಲಭವಾಗಿ ನುಗ್ಗಲೆಂದು ಹಲ್ಲಿನ ಒಂದು ಬದಿಯನ್ನು ಓರೆಯಾಗಿ ತರೆದಿರುತ್ತಾರೆ. ಹಳೆಯ ಲ್ಯೂಕಾಸ್‌ಗಳಲ್ಲಿ ಹಲವು, ಪಿನಿಯನ್ನನ್ನು ಫ್ಲೈವೀಲಿನ ಆಚೆಯಿಂದ ಮೋಟರಿನತ್ತ ಎಳೆದುಕೊಳ್ಳುವಂಥವು. ಓರೆ ಆ ಬದಿಗಿರುತ್ತದೆ. ತಳ್ಳುವ ಮೋಟರ್ ಈಚೆಯಿಂದ ನುಗ್ಗುತ್ತದೆ, ಅದಕ್ಕೆ ಎದುರಾಗುವುದು ಚೌಕ ಅಂಚಿನ ಹಲ್ಲು. ರಿಂಗ್ ಬದಲಿಸದೆ ಮೋಟರ್ ಮಾತ್ರ ಬದಲಿಸಿದವರ ಗಾಡಿ ಸೆಲ್ಫ್ ಹೊಡೆದಾಗಲೆಲ್ಲ ಹಲ್ಲು ಕಡಿಯುವುದು ಇದಕ್ಕೇ. ಬೇರೆ ಕೆಲಸಕ್ಕೆಂದು ಗೇರ್‌ಬಾಕ್ಸ್ ಹೇಗೂ ಇಳಿದಿದ್ದರೆ ರಿಂಗ್ ಸಮೇತ ಬದಲಿಸುವುದನ್ನು ಯೋಚಿಸಬಹುದು. ಅದಕ್ಕಾಗಿಯೇ ಇಳಿಸುವುದು ನನ್ನ ಲೆಕ್ಕದಲ್ಲಿ ದಂಡ.

ನಮ್ಮೂರಿನ ಬಿಸಿಲು, ನಮ್ಮೂರಿನ ಧೂಳು

ವಿದೇಶದ ಪುಸ್ತಕಗಳು ಸೆಲ್ಫ್‌ನ ಶಕ್ತಿಯನ್ನು ಚಳಿಯ ಬೆಳಗಿನ ಮೇಲೆ ಅಳೆಯುತ್ತವೆ. ಬಳ್ಳಾರಿ, ರಾಯಚೂರಿನಲ್ಲಿ ಸೆಲ್ಫ್‌ಗೆ ಅಗ್ನಿಪರೀಕ್ಷೆ ಆಗುವುದು ಮೇ ತಿಂಗಳ ಮಧ್ಯಾಹ್ನ, ಪೆಟ್ರೋಲ್ ಬಂಕ್‌ನಲ್ಲಿ ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಮತ್ತೆ ಹೊಡೆದಾಗ. ತಾಮ್ರದ ತಡೆ ಒಂದೊಂದು ಡಿಗ್ರಿಗೂ ಸುಮಾರು 0.4 ಶೇಕಡ ಏರುತ್ತದೆ. ಎಕ್ಸಾಸ್ಟ್ ಪೈಪಿನ ಝಳಕ್ಕೆ ಸುರುಳಿ 60 ಡಿಗ್ರಿ ಹೆಚ್ಚು ಕಾದಿದ್ದರೆ ತಡೆ ನಾಲ್ಕನೆಯ ಒಂದು ಭಾಗದಷ್ಟು ಏರಿರುತ್ತದೆ. ಅದೇ ಹೊತ್ತಿಗೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಆವಿಯಾಗಿ ಎಂಜಿನ್ ಹೊತ್ತಲು ಇನ್ನಷ್ಟು ಹೊತ್ತು ತಿರುಗಿಸಬೇಕು. ಮೋಟರ್ ಸೋಲುವ ಗಳಿಗೆಯಲ್ಲೇ ಕೆಲಸ ಹೆಚ್ಚಾಗುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ಅರ್ಧ ನಿಮಿಷ ಬಿಟ್ಟು ಮತ್ತೆ ನೋಡಿ.

ಧೂಳಿನದು ಇನ್ನೊಂದು ಕಥೆ. ತೋರಣಗಲ್ಲು, ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ಓಡಿದ ಗಾಡಿಯ ಸೆಲ್ಫ್ ಬಿಚ್ಚಿದರೆ ಒಳಗೆಲ್ಲ ಕೆಂಪು. ಬೆಂಡಿಕ್ಸ್ ಸಿಕ್ಕಿಕೊಳ್ಳುತ್ತದೆ ಎಂದು ಯಾರೋ ಅದಕ್ಕೆ ಗ್ರೀಸ್ ಬಳಿದಿದ್ದರೆ ಮುಗಿಯಿತು. ಗ್ರೀಸೂ ಅದಿರಿನ ಪುಡಿಯೂ ಸೇರಿ ಸಾಣೆ ಹಿಡಿಯುವ ಲೇಹ್ಯವಾಗುತ್ತದೆ, ಪಿನಿಯನ್ ಇದ್ದಲ್ಲೇ ಕೂರುತ್ತದೆ, ಮೋಟರ್ ಸುಮ್ಮನೆ ಗುಂಯ್‌ಗುಟ್ಟುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಣದಾಗಿಯೇ ಕೂರಿಸಬೇಕು. ಹೀಗೆ ತೊಳೆದ ಮೇಲೆ ಸರಿಹೋದ ‘ಸತ್ತ’ ಮೋಟರ್‌ಗಳು ಎಷ್ಟೋ ಇವೆ.

ಆಯ್ಕೆಗಳು

ಅಸಲಿ ಮೋಟರನ್ನೇ ರಿಪೇರಿ ಮಾಡಿಸುವುದು ನನ್ನ ಮೊದಲ ಸಲಹೆ, ಎರಡನೆಯ ಸಲಹೆಯೂ ಅದೇ. ಹಳೆಯ ಲ್ಯೂಕಾಸ್ ಮೋಟರಿನಲ್ಲಿ ಕೆಡುವುದು ನಾಲ್ಕೇ ವಸ್ತು: ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್, ಶಾಫ್ಟನ್ನು ಹಿಡಿದಿರುವ ಬುಷ್, ಬೆಂಡಿಕ್ಸಿನ ಸ್ಪ್ರಿಂಗ್, ಅಪರೂಪಕ್ಕೆ ಸುರುಳಿ. ಸೆಲ್ಫ್-ಡೈನಮೊ ಕೆಲಸದ ಹಳೆಯ ಕೈಗಳು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇವೆ. ಸುರುಳಿ ಸುತ್ತಿಸಬಹುದು, ಲೇತ್‌ನಲ್ಲಿ ಬುಷ್ ಮಾಡಿಸಬಹುದು. ಆದರೆ ಪಕ್ಕದಲ್ಲಿ ಕುಳಿತುಕೊಳ್ಳಿ, ಮೂರು ಕಡೆ ಬಾಯಿ ಹಾಕಬೇಕಾಗುತ್ತದೆ. ಬ್ರಷ್ 8 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ‘ಇನ್ನೂ ನಡೆಯುತ್ತದೆ’ ಎಂಬ ಮಾತಿಗೆ ಒಪ್ಪಬೇಡಿ. ಹೊಸ ಕಂಚಿನ ಬುಷ್ ರಂಧ್ರಗಳುಳ್ಳದ್ದು. ಕೂರಿಸುವ ಮುಂಚೆ ಒಂದು ಇಡೀ ದಿನ ತೆಳುವಾದ ಎಂಜಿನ್ ಆಯಿಲ್‌ನಲ್ಲಿ ನೆನೆಯಬೇಕು. ಗಡಿಬಿಡಿಯಲ್ಲಿ ಹಾಗೆಯೇ ಕೂರಿಸಿದರೆ ಬೇಗ ಸವೆದು ಆರ್ಮೇಚರ್ ಒಳಗೋಡೆಗೆ ಉಜ್ಜುತ್ತದೆ. ಮೂರನೆಯದನ್ನು ಅನುಭವಿಗಳೂ ತಪ್ಪುತ್ತಾರೆ: ಡೈನಮೊದ ಕಮ್ಯುಟೇಟರಿನಲ್ಲಿ (ಬ್ರಷ್ ಉಜ್ಜುವ ಉರುಳೆ) ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಕೆರೆದು ತಗ್ಗಿಸುತ್ತಾರೆ, ಅದು ಸರಿ. ಈ ಸೆಲ್ಫ್‌ಗಳಲ್ಲಿ ಹಾಗೆ ಮಾಡಬಾರದು. ದಿನವೆಲ್ಲ ಡೈನಮೊ ಬಿಚ್ಚುವ ಕೈಗೆ ಕೆರೆಯುವುದು ಅಭ್ಯಾಸವಾಗಿರುತ್ತದೆ. ಕೆರೆಯಲು ಶುರುಮಾಡಿದಾಗ ‘ಚಾಚಾ, ಇದು ಸೆಲ್ಫ್’ ಎಂದು ನೆನಪಿಸಿದ್ದಕ್ಕೆ ನನಗೆ ಒಂದು ನೋಟ ಸಿಕ್ಕಿತು, ಆಮೇಲೆ ಒಂದು ಲೋಟ ಚಹಾ ಕೂಡ.

ಗುಜರಿಯ ಮೋಟರ್ ಎರಡನೆಯ ದಾರಿ. ಅದು ಅಸಲಿ ಕುಲದ್ದೇ ಆಗಿರುತ್ತದೆ, ಅಗ್ಗವೂ ಹೌದು. ಆದರೆ ಇಡೀ ಮೋಟರ್ ಎಂದು ನೋಡದೆ ನಿಮ್ಮದಕ್ಕೆ ಬಿಡಿಭಾಗದ ಕಣಜ ಎಂದು ನೋಡಿ. ಜಂಪರ್ ಕೇಬಲ್ ಹಾಕಿ ಗಿರ್‍ರೆಂದು ತಿರುಗಿಸಿ ತೋರಿಸುತ್ತಾರೆ. ಭಾರವಿಲ್ಲದೆ ತಿರುಗುವ ಮೋಟರ್ ಏನನ್ನೂ ಸಾಬೀತು ಮಾಡುವುದಿಲ್ಲ. ಎಂ418ರಂಥ ಮೋಟರ್ ಭಾರವಿಲ್ಲದಾಗ ಕೇಳುವುದು ಐವತ್ತು ಆಂಪಿಯರ್ ಒಳಗೆ, ತಡೆದು ನಿಲ್ಲಿಸಿದಾಗ ಕೇಳುವುದು ನಾನೂರಕ್ಕೂ ಹೆಚ್ಚು. ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ, ಬುಷ್ ಸ್ಥಿತಿ ಗೊತ್ತಾಗುತ್ತದೆ. ಮೂಗಿಗೆ ಹತ್ತಿರ ಹಿಡಿದರೆ ಸುಟ್ಟ ವಾರ್ನಿಷ್ ಬಚ್ಚಿಡಲಾಗದು.

ಹೊಸದಾಗಿ ಮಾಡಿದ ನಕಲುಗಳ ಬಗ್ಗೆ ನನ್ನ ಕಹಿಯನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಎಲ್ಲವೂ ಕೆಟ್ಟವಲ್ಲ. ಡಬ್ಬಿಯ ಮೇಲೆ ಬರೆದ ಗಾಡಿಯ ಹೆಸರನ್ನು ಬಿಟ್ಟು ಒಳಗಿನ ಪಿನಿಯನ್ನನ್ನು ನಂಬುವುದಾದರೆ ಧಾರಾಳವಾಗಿ ಕೊಳ್ಳಿ.

ಈಚೆಗೆ ಹೊರದೇಶದಿಂದ ತರಿಸುವವರು ಹೆಚ್ಚುತ್ತಿರುವುದು ಗೇರ್ ಇರುವ ಪುಟ್ಟ ಸೆಲ್ಫ್. ಒಳಗೆ ಸಣ್ಣ ಮೋಟರ್ ಬಹಳ ವೇಗವಾಗಿ ತಿರುಗಿ, ಗೇರಿನ ಮೂಲಕ ವೇಗ ಇಳಿಸಿ ಬಲ ಏರಿಸುತ್ತದೆ. ಹಗುರ, ಕಡಿಮೆ ಕರೆಂಟ್, ಎಂಜಿನ್ ಚುರುಕಾಗಿ ತಿರುಗುತ್ತದೆ. ಬ್ಯಾಟರಿ ಅರೆಜೀವವಾಗಿದ್ದರೂ ಎತ್ತುತ್ತದೆ. ಸಂಪೀಡನ ಹೆಚ್ಚಿಸಿಕೊಂಡ ಎಂಜಿನ್ನಿಗೆ ಇದು ವರವೇ. ಆದರೆ ಇವುಗಳಲ್ಲಿ ಬಹಳಷ್ಟು ಶಾಶ್ವತ ಅಯಸ್ಕಾಂತದವು, ಅಲ್ಲಿ ಎರಡು ತೊಡಕು. ಒಂದು, ಹಳೆಯ ಇಂಗ್ಲಿಷ್ ತಳಿಯ ಗಾಡಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಅರ್ಥ್ ಆಗಿರುತ್ತದೆ. ಸುರುಳಿಯ ಮೋಟರಿಗೆ ಅದು ಲೆಕ್ಕಕ್ಕಿಲ್ಲ ಎಂದು ಮೇಲೆ ಹೇಳಿದೆ; ಅಯಸ್ಕಾಂತದ ಮೋಟರ್ ಮಾತ್ರ ಉಲ್ಟಾ ತಿರುಗುತ್ತದೆ. ಇಡೀ ಗಾಡಿಯನ್ನು ನೆಗೆಟಿವ್ ಅರ್ಥ್‌ಗೆ ಬದಲಿಸದೆ ಹಾಕಿಸುವಂತಿಲ್ಲ. ಎರಡು, ಅಯಸ್ಕಾಂತ ಕಾದಷ್ಟೂ ಸೊರಗುತ್ತದೆ. ಎಕ್ಸಾಸ್ಟ್ ಪಕ್ಕದಲ್ಲೇ ಕೂರುವುದಾದರೆ ನಡುವೆ ಶಾಖ ತಡೆಯುವ ತಗಡು ಹಾಕಿಸಿ. ಕೆಟ್ಟರೆ ಇಲ್ಲಿನ ಸೆಲ್ಫ್ ರಿಪೇರಿಯವರು ಏನೂ ಮಾಡಲಾರರು ಎಂಬುದು ನನ್ನನ್ನು ಹಿಂಜರಿಯುವಂತೆ ಮಾಡಿದ ಮೂರನೆಯ ಕಾರಣ. ಕುಡತಿನಿಯ ಬಳಿ ಗಾಡಿ ನಿಂತರೆ ಹಳೆಯ ಮೋಟರಿಗೆ ಔಷಧ ಸಿಗುತ್ತದೆ, ಇದಕ್ಕೆ ಕೊರಿಯರ್ ಕಾಯಬೇಕು.

ಜೀಪಿನವರಿಗೆ ಪ್ರತ್ಯೇಕ ಮಾತು: 6 ವೋಲ್ಟ್ ಸೆಲ್ಫ್‌ಗೆ 12 ವೋಲ್ಟ್ ಬ್ಯಾಟರಿ ಕೊಟ್ಟರೂ ಅದು ತಿರುಗುತ್ತದೆ, ಅದೂ ಭರ್ಜರಿಯಾಗಿ. ಕೆಲವರು ವರ್ಷಗಟ್ಟಲೆ ಹಾಗೆಯೇ ಓಡಿಸಿದ್ದಾರೆ. ಆದರೆ ಪಿನಿಯನ್‌ನಿಂದ ರಿಂಗ್‌ಗೆ ಬೀಳುವ ಹೊಡೆತ ವಿಪರೀತ. ಮೊದಲು ಬೆಂಡಿಕ್ಸ್ ಸ್ಪ್ರಿಂಗ್ ಮುರಿಯುತ್ತದೆ, ಆಮೇಲೆ ರಿಂಗ್. 12 ವೋಲ್ಟ್‌ಗೆ ಬದಲಾಗುವುದಾದರೆ ಅಯಸ್ಕಾಂತದ ಸುರುಳಿಗಳಾದ ಫೀಲ್ಡ್ ಕಾಯಿಲ್‌ಗಳನ್ನು 12ರದ್ದಕ್ಕೆ ಬದಲಿಸಿ, ಅಥವಾ 97ಕ್ಕೋ 124ಕ್ಕೋ ಹೊಂದುವ 12 ವೋಲ್ಟ್ ಮೋಟರನ್ನೇ ಹುಡುಕಿ.

ನೋಂದಣಿಯ ವಿಷಯವೂ ಒಂದಿದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ಹಾಗೆ ನೋಂದಾಯಿಸುವ ಆಲೋಚನೆ ಇದ್ದವರು ಬಾನೆಟ್ಟಿನ ಕೆಳಗೆ ಹೊಳೆಯುವ ಅಲ್ಯೂಮಿನಿಯಂ ಸೆಲ್ಫ್ ಕೂರಿಸುವ ಮುಂಚೆ ಹಳೆಯದನ್ನು ಗುಜರಿಗೆ ಹಾಕದೆ ಎತ್ತಿಟ್ಟುಕೊಳ್ಳಿ.

ನನ್ನ ಗಾಡಿಯಲ್ಲಿ ಈಗ ಇರುವುದು ಅಪ್ಪನ ಕಾಲದ ಮೋಟರೇ. ಹೊಸ ರಿಂಗ್, ಹೊಸ ಬುಷ್, ಹೊಸ ಬ್ರಷ್. ಬೆಂಡಿಕ್ಸ್ ಮಾತ್ರ ಸವೆದಿತ್ತು, ಅದನ್ನು ಕೊಳ್ಳಲು ಟಿಫಿನ್ ಡಬ್ಬಿ ಹಿಡಿದು ಇನ್ನೊಂದು ಅಂಗಡಿಗೆ ಹೋದೆ. ‘ಅಂಬಾಸಡರ್‌ದೇ ತಾನೇ?’ ಎಂದು ಕೇಳಿದ ಯಜಮಾನರು ಆಗಲೇ ಒಂದು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಿದ್ದರು. ನಾನು ಮುಚ್ಚಳ ತೆಗೆದು ಹಸಿರು ಮಣ್ಣಿನ ಅಚ್ಚನ್ನು ಮುಂದಿಟ್ಟೆ, ಬಿಲ್ಲಿನಲ್ಲಿ ಹಲ್ಲಿನ ಸಂಖ್ಯೆಯನ್ನೂ ಬರೆಯಬೇಕೆಂದು ಕೇಳಿಕೊಂಡೆ. ಅವರು ಪಿನಿಯನ್ನನ್ನು ಅಚ್ಚಿನ ಮೇಲೆ ಒಮ್ಮೆ ಉರುಳಿಸಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಉರುಳಿಸಿದರು. ಆಮೇಲೆ ಆ ಡಬ್ಬಿಯನ್ನು ಮೆಲ್ಲಗೆ ಮೇಜಿನ ಕೆಳಗಿಟ್ಟು, ಒಳಗಿನ ಕೋಣೆಗೆ ಹೋಗಿ ಬೇರೊಂದನ್ನು ತಂದರು.